ಪರದೆಯ ಆಪರೇಷನ್ನು, ಡಬ್ಬ ಮಲಗಿದ ದಿನಗಳು

ನನಗೆ ಮೂರನೇ ಇಯತ್ತೆಯಿಂದಲೇ ಕನ್ನಡಕ. ನಂಬರು ಏರುತ್ತ ಏರುತ್ತ ಎರಡೂ ಕಣ್ಣಿಗೆ ಮೈನಸ್ ಒಂಬತ್ತರ ಹತ್ತಿರ ಬಂದು ನಿಂತಿತ್ತು. ಇಂಥ ಕಣ್ಣಿನ ಗುಡ್ಡೆ ಉಳಿದವರದ್ದಕ್ಕಿಂತ ಉದ್ದವಾಗಿರುತ್ತದೆ, ಅದರೊಳಗೆ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪರದೆ, ಅಂದರೆ ರೆಟಿನಾ, ಹಿಗ್ಗಿ ತೆಳ್ಳಗಾಗಿರುತ್ತದೆ ಎಂದು ಕಲಬುರಗಿಯ ಕಣ್ಣಿನ ಡಾಕ್ಟರು ಬಹಳ ಹಿಂದೆಯೇ ತಿಳಿಸಿದ್ದರು. ಕನ್ನಡಕದ ಚೀಟಿ ಬರೆದುಕೊಡುವಾಗ ಪ್ರತಿ ಸಲ ಅವರದು ಅದೇ ಮಾತು: “ಟೀಚರ್, ಕಣ್ಣೊಳಗ ಮಿಂಚು ಹೊಡದಂಗ ಆದ್ರ, ಕಪ್ಪು ಚುಕ್ಕಿ ಒಮ್ಮೆಲೇ ಹೆಚ್ಚಾದ್ರ, ಇಲ್ಲಾ ಒಂದು ಬಾಜು ನೆರಳು ಬಂದ್ರ ಅವತ್ತೇ ಬರ್ರಿ. ನಾಳಿ ಅನಬ್ಯಾಡ್ರಿ. ನೋವು ಆಗಂಗಿಲ್ಲ, ಅದಕ್ಕ ಮಂದಿ ಕೂತುಬಿಡ್ತಾರ.”

ಏಪ್ರಿಲ್ ತಿಂಗಳು, ಪರೀಕ್ಷೆಯ ಫಲಿತಾಂಶದ ಕೆಲಸ ಮುಗಿಯುತ್ತ ಬಂದಿತ್ತು. ಸಂಜೆ ಅಡುಗೆಮನೆಯ ಕತ್ತಲಲ್ಲಿ ತಲೆ ತಿರುಗಿಸಿದಾಗಲೆಲ್ಲ ಬಲಗಣ್ಣಿನ ಅಂಚಿನಲ್ಲಿ ಬೆಳಕಿನ ಗೆರೆಯೊಂದು ಹೊಡೆದು ಮಾಯವಾಗುತ್ತಿತ್ತು. ಬೆಳಗಾಗುವಷ್ಟರಲ್ಲಿ ಕಪ್ಪು ಎಳೆಗಳು, ಚುಕ್ಕೆಗಳು ಕಣ್ಣ ಮುಂದೆ ತೇಲಾಡತೊಡಗಿದವು. ನಾವಿರುವುದು ಶಹಾಪುರದಲ್ಲಿ. ಕಲಬುರಗಿ ಬಸ್ಸು ಊರು ಬಿಡುವಾಗ ಎಡಗಣ್ಣು ಮುಚ್ಚಿಕೊಂಡು ಬುದ್ಧ ಮಲಗಿದಂತೆ ಕಾಣುವ ನಮ್ಮ ಬೆಟ್ಟದ ಕಡೆ ನೋಡಿದೆ. ಮೂಗಿನ ಬದಿಯ ಕೆಳಗಿನ ಮೂಲೆಯಲ್ಲಿ ಬೆಟ್ಟವೇ ಇರಲಿಲ್ಲ, ಬೂದುಬಣ್ಣದ ನೆರಳಿತ್ತು. ಜೇವರ್ಗಿ ದಾಟಿ ಭೀಮಾ ನದಿಯ ಸೇತುವೆಗೆ ಬರುವಷ್ಟರಲ್ಲಿ ಆ ನೆರಳು ಇನ್ನಷ್ಟು ಮೇಲೆ ಬಂದಂತೆ ಅನಿಸಿತು. ಕೈಕಾಲು ತಣ್ಣಗಾದವು. ಯಜಮಾನರಿಗೆ ಹೇಳಿದೆ. ಅವರು ಕೈ ಹಿಡಿದುಕೊಂಡು ಸುಮ್ಮನೆ ಕೂತರು.

ಡಾಕ್ಟರು ಎರಡೂ ಕಣ್ಣಿಗೆ ಪಾಪೆ ಅಗಲ ಮಾಡುವ ಹನಿ ಹಾಕಿಸಿ, ತಲೆಗೆ ದೀಪ ಕಟ್ಟಿಕೊಂಡು, ಕಣ್ಣ ಮುಂದೊಂದು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಮೇಲೆ ನೋಡ್ರಿ, ಬಲಕ್ಕ ನೋಡ್ರಿ, ಕೆಳಗ ನೋಡ್ರಿ ಎನ್ನುತ್ತ ರೆಪ್ಪೆಯ ಮೇಲಿಂದ ಸಣ್ಣ ಕಡ್ಡಿಯಂಥದ್ದರಿಂದ ಒತ್ತುತ್ತಿದ್ದರು. ಪರದೆಯ ತುದಿಯಲ್ಲಿರುವ ಹರಕು ಒಳಗೆ ಉಬ್ಬಿ ಕಾಣಲಿ ಎಂದು ಹಾಗೆ ಒತ್ತುತ್ತಾರಂತೆ. ಅದು ಸ್ವಲ್ಪ ನೋಯುತ್ತದೆ, ಕಣ್ಣಲ್ಲಿ ನೀರು ಸುರಿಯುತ್ತದೆ. ಮುಗಿದ ಮೇಲೆ ಕಾಗದದ ಮೇಲೆ ವೃತ್ತ ಬರೆದು ಬಣ್ಣದ ಪೆನ್ಸಿಲ್ ಹಿಡಿದರು. ಅಂಟಿಕೊಂಡಿರುವ ಭಾಗಕ್ಕೆ ಕೆಂಪು, ಎದ್ದಿರುವ ಭಾಗಕ್ಕೆ ನೀಲಿ. ಬಲಗಣ್ಣಿನ ಹೊರಬದಿಯ ಮೇಲಿನ ಮೂಲೆ ನೀಲಿಯಾಯಿತು.

ನಾನು ವಿಜ್ಞಾನ ಹೇಳುವ ಟೀಚರು. ಮಕ್ಕಳಿಗೆ ಕಣ್ಣಿನ ಚಿತ್ರ ಎಷ್ಟೋ ಸಲ ಬರೆಸಿದ್ದೇನೆ. ನೆರಳು ಒಳಬದಿಯ ಕೆಳಮೂಲೆಯಲ್ಲಿ, ಪರದೆ ಎದ್ದದ್ದು ಹೊರಬದಿಯ ಮೇಲೆ. ಕಣ್ಣಿನೊಳಗೆ ಬಿಂಬ ತಲೆಕೆಳಗಾಗಿ ಬೀಳುವುದರಿಂದ ಹೀಗೆ ಎಂದು ಅವರು ಹೇಳುವ ಮೊದಲೇ ಹೊಳೆಯಿತು. ಆ ಗಳಿಗೆಯಿಂದ ನಾನು ಎಲ್ಲದಕ್ಕೂ “ಯಾಕ್ರಿ ಸರ್?” ಎಂದು ಕೇಳುತ್ತ ಹೋದೆ. ಅವರು ಒಂದು ಸಲವೂ ಬೇಸರಿಸಲಿಲ್ಲ. ನನ್ನ ಅರ್ಧ ಹೆದರಿಕೆಯನ್ನು ಇಳಿಸಿದ್ದು ಆ ಉತ್ತರಗಳೇ. ಅದಕ್ಕೆಂದೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಕಣ್ಣಿನ ಗುಡ್ಡೆಯ ಒಳಗೆ ವಿಟ್ರಿಯಸ್ ಎಂಬ ಪಾರದರ್ಶಕ ಲೋಳೆ ತುಂಬಿರುತ್ತದೆ. ವಯಸ್ಸಾದಂತೆ ಅದು ಕರಗಿ, ಕುಗ್ಗಿ, ಹಿಂದಿನ ಪರದೆಯಿಂದ ಬಿಡಿಸಿಕೊಳ್ಳುತ್ತದೆ. ಹೆಚ್ಚಿನವರಿಗೆ ಅದು ಸಲೀಸಾಗಿ ಬಿಡುತ್ತದೆ. ಕೆಲವರಲ್ಲಿ ಮಾತ್ರ ಎಲ್ಲೋ ಗಟ್ಟಿಯಾಗಿ ಅಂಟಿಕೊಂಡು ಪರದೆಯನ್ನು ಜಗ್ಗುತ್ತದೆ. ಜಗ್ಗಿದಾಗ ಕಾಣುವುದು ಆ ಮಿಂಚು. ಪರದೆ ಹರಿದರೆ ಆ ಹರಕಿನಿಂದ ನೀರು ಹಿಂದೆ ಸೇರಿ ಪರದೆಯನ್ನೇ ಎಬ್ಬಿಸುತ್ತದೆ. ಎದ್ದಷ್ಟು ಭಾಗದಲ್ಲಿ ನೋಟ ಇಲ್ಲ. ಪರದೆಗೆ ನೋವಿನ ನರಗಳೇ ಇಲ್ಲದ್ದರಿಂದ ಇಷ್ಟೆಲ್ಲ ನಡೆದರೂ ಕಣ್ಣು ನೋಯುವುದಿಲ್ಲ. ಹರಕು ಮಾತ್ರ ಇದ್ದು ಪರದೆ ಇನ್ನೂ ಎದ್ದಿರದಿದ್ದರೆ ಸುತ್ತಲೂ ಲೇಸರ್ ಹೊಡೆದು ಅದೇ ದಿನ ಮನೆಗೆ ಕಳಿಸುತ್ತಾರೆ. ನನ್ನದು ಆ ಹಂತ ದಾಟಿತ್ತು.

“ನಿಮ್ಮ ಪುಣ್ಯ, ನಡು ಇನ್ನೂ ಕೂತದ” ಎಂದರು ಡಾಕ್ಟರು. ನಡು ಎಂದರೆ ಮ್ಯಾಕುಲಾ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ನಡೆಯುವುದು ಆ ಸಣ್ಣ ಜಾಗದಿಂದ. ಅದು ಏಳುವ ಮೊದಲೇ ಪರದೆಯನ್ನು ಕೂಡಿಸಿದರೆ ನೋಟ ಬಹುಮಟ್ಟಿಗೆ ಉಳಿಯುತ್ತದೆ. ಎದ್ದ ಮೇಲೂ ಕೂಡಿಸಬಹುದು, ಆದರೆ ಮೊದಲಿನ ನೋಟ ಪೂರ್ತಿ ಬರುವ ಭರವಸೆ ಕಡಿಮೆ. ಹಾಗಾಗಿ ಮರುದಿನವೇ ಆಪರೇಷನ್ ಎಂದು ಬರೆದರು. ಅಲ್ಲಿಯವರೆಗೆ ಬಲ ಮಗ್ಗುಲಿಗೆ ಮಲಗಿರಬೇಕು, ಓಡಾಡಬಾರದು. ಯಾಕೆಂದರೆ ಹಿಂದೆ ಸೇರಿದ ನೀರು ಭಾರಕ್ಕೆ ಕೆಳಗಿಳಿಯುತ್ತದೆ. ಎದ್ದ ಭಾಗವನ್ನೇ ಕೆಳಗೆ ಮಾಡಿಕೊಂಡರೆ ಅದು ನಡುವಿನ ಕಡೆ ಹರಿಯದು.

ಬೆಂಗಳೂರಿನಲ್ಲಿರುವ ತಮ್ಮ ಫೋನಿನಲ್ಲೇ ಗಾಬರಿಯಾದ. “ಅಲ್ಲಿ ಬ್ಯಾಡಕ್ಕಾ, ಹೈದರಾಬಾದಿಗೆ ಹೋಗೋಣು, ಇಲ್ಲಾ ಇಲ್ಲಿಗೆ ಬಾ” ಎಂದ. ನಮ್ಮ ಭಾಗದ ಎಷ್ಟೋ ಮಂದಿ ಕಣ್ಣಿಗೆಂದು ಹೈದರಾಬಾದಿನ ಎಲ್.ವಿ. ಪ್ರಸಾದ್ ಆಸ್ಪತ್ರೆಗೋ ಸೋಲಾಪುರಕ್ಕೋ ಹೋಗುವುದು ರೂಢಿ, ಅದು ತಪ್ಪೂ ಅಲ್ಲ. ಆದರೆ ಅಷ್ಟು ದೂರ ಹೋಗಿ, ಚೀಟಿ ಮಾಡಿಸಿ, ಪಾಳಿ ಹಿಡಿಯುವಷ್ಟರಲ್ಲಿ ನಡು ಎದ್ದರೆ? ಕಲಬುರಗಿಯಲ್ಲೇ ಪರದೆಯ ಆಪರೇಷನ್ ಮಾಡುವ ಡಾಕ್ಟರು ನಾಳೆ ಬೆಳಿಗ್ಗೆ ಸಿಗುತ್ತಾರೆ ಎಂದಾದ ಮೇಲೆ ನಾನು ಕದಲಲಿಲ್ಲ. ನಡು ಇನ್ನೂ ಅಂಟಿಕೊಂಡಿರುವವರು ದೊಡ್ಡ ಊರಿಗಿಂತ ಬೇಗ ಸಿಗುವ ನುರಿತ ಕೈಯನ್ನು ಆರಿಸಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ರಾತ್ರಿ ಕಲಬುರಗಿಯಲ್ಲೇ ಗಾಜೀಪುರ ಬಡಾವಣೆಯ ಅಕ್ಕನ ಮನೆಯಲ್ಲಿ ಬಲ ಮಗ್ಗುಲಿಗೆ ಮಲಗಿ ಕಳೆದೆ. ಬೆಳಿಗ್ಗೆ ಆಸ್ಪತ್ರೆಯಲ್ಲಿ ರಕ್ತ, ಸಕ್ಕರೆ, ಬಿಪಿ, ಇಸಿಜಿ ನೋಡಿದರು. ರಕ್ತ ತೆಳುವಾಗುವ ಗುಳಿಗೆ ತಗೊಳ್ತೀರಾ, ಕೆಮ್ಮು ಇದೆಯಾ, ಯಾವ ಔಷಧಿ ಆಗಿಬರೋದಿಲ್ಲ ಎಂದು ಕೇಳಿದರು. ಇದಕ್ಕೆಲ್ಲ ಸರಿಯಾಗಿ ಉತ್ತರ ಕೊಡಿ, ಗುಳಿಗೆಯ ಚೀಟಿಗಳನ್ನು ಕೈಯಲ್ಲೇ ಒಯ್ಯಿರಿ. ಸ್ವಲ್ಪ ಸುಸಲಾ ತಿನ್ನಲು ಬಿಟ್ಟರು. ಬಳೆ, ಓಲೆ, ತಾಳಿ ಎಲ್ಲ ತೆಗೆದು ಅಕ್ಕನ ಕೈಗೆ ಕೊಟ್ಟೆ. ಕಾಡಿಗೆಯ ಗುರುತೂ ಇರಬಾರದೆಂದು ಮುಖ ತಿಕ್ಕಿ ತೊಳೆಸಿದರು.

ದುಡ್ಡಿನ ಮಾತನ್ನೂ ಹೇಳಿಬಿಡುತ್ತೇನೆ. ನಾನು ಸರ್ಕಾರಿ ನೌಕರಳು, ನನಗೆ ಬೇರೆ ದಾರಿ ಇತ್ತು. ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ತಪ್ಪದೆ ಕೇಳಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಅದರಲ್ಲಿದೆ, ಪರದೆಯ ಆಪರೇಷನ್ನುಗಳೂ ಸೇರುತ್ತವೆ. ನೀವು ಹೋಗುವ ಆಸ್ಪತ್ರೆ ಯೋಜನೆಯಲ್ಲಿದೆಯೇ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂದು ಯೋಜನೆಯ ಮಾಹಿತಿ ಕೊಡಲು ಅಲ್ಲಿರುವ ಆರೋಗ್ಯ ಮಿತ್ರ ಎಂಬ ಸಿಬ್ಬಂದಿಯನ್ನು ಮೊದಲೇ ವಿಚಾರಿಸಿ. ಆಪರೇಷನ್ ಆದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಎಲ್ಲರೂ ಹೆದರುವುದು ಕಣ್ಣು ಮರಗಟ್ಟಿಸುವ ಇಂಜೆಕ್ಷನ್ನಿಗೆ. ಅದನ್ನು ಕಣ್ಣಿನ ಗುಡ್ಡೆಗೆ ಚುಚ್ಚುವುದಿಲ್ಲ, ಕೆಳರೆಪ್ಪೆಯ ಪಕ್ಕದಿಂದ ಗುಡ್ಡೆಯ ಸುತ್ತಲಿನ ಜಾಗಕ್ಕೆ ಕೊಡುತ್ತಾರೆ. ಒಂದು ಕ್ಷಣ ಚುರುಕ್ ಎನ್ನುತ್ತದೆ, ಆಮೇಲೆ ಕಣ್ಣಿನ ಹಿಂದೆ ಏನೋ ತುಂಬಿ ಬಿಗಿದಂತೆ ಆಗುತ್ತದೆ. ಸ್ವಲ್ಪ ಹೊತ್ತಿಗೆ ರೆಪ್ಪೆ ಎತ್ತಲು ಬರಲಿಲ್ಲ, ಕಣ್ಣು ಹೊರಳಲಿಲ್ಲ. ಮುಖದ ಮೇಲೆ ಹಸಿರು ಬಟ್ಟೆ ಹೊದಿಸಿ, ಅದರೊಳಗೆ ಗಾಳಿಯ ನಳಿಕೆ ಇಟ್ಟರು. ಉಸಿರು ಕಟ್ಟಿದಂತೆ ಅನಿಸುವವರು ಮೊದಲೇ ತಿಳಿಸಿರಬೇಕು. ಕೆಮ್ಮು ಬಂದರೆ ಬಾಯಿಯಲ್ಲಿ ಹೇಳಬೇಕು, ತಲೆ ಅಲ್ಲಾಡಿಸಬಾರದು. ನನ್ನ ಎಡಗೈ ಬೆರಳುಗಳನ್ನು ಸಿಸ್ಟರ್ ಒಬ್ಬರು ಹಿಡಿದುಕೊಂಡಿದ್ದರು.

ಎಚ್ಚರವಾಗಿಯೇ ಇದ್ದೆ. ನೋವಿರಲಿಲ್ಲ, ಒತ್ತುವುದು ಜಗ್ಗುವುದು ತಿಳಿಯುತ್ತಿತ್ತು. ಕಿವಿಯ ಕಡೆಗೆ ನೀರು ಹರಿಯುತ್ತಿತ್ತು. ಡಾಕ್ಟರು ಒಬ್ಬರಿಗೆ ಕನ್ನಡದಲ್ಲಿ, ಇನ್ನೊಬ್ಬರಿಗೆ ಹಿಂದಿಯಲ್ಲಿ ಮಾತಾಡುತ್ತ ಕೆಲಸ ನಡೆಸಿದ್ದರು. ಕಣ್ಣಿನ ಬಿಳಿಭಾಗದಲ್ಲಿ ಅರ್ಧ ಮಿಲಿಮೀಟರಿನಷ್ಟು ಅಗಲದ ಮೂರು ಸಣ್ಣ ದಾರಿ ಮಾಡುತ್ತಾರೆ. ಒಂದರಿಂದ ನೀರು ಒಳಗೆ ಹೋಗುತ್ತದೆ, ಒಂದರಲ್ಲಿ ದೀಪ, ಇನ್ನೊಂದರಲ್ಲಿ ಲೋಳೆಯನ್ನು ಕತ್ತರಿಸಿ ಹೀರುವ ಉಪಕರಣ. ಪರದೆಯನ್ನು ಜಗ್ಗುತ್ತಿದ್ದ ಲೋಳೆಯನ್ನು ತೆಗೆದು, ಹಿಂದಿನ ನೀರನ್ನು ಹೊರಗೆಳೆದು, ಪರದೆಯನ್ನು ಅದರ ಜಾಗಕ್ಕೆ ಕೂಡಿಸಿ, ಹರಕಿನ ಸುತ್ತ ಲೇಸರ್ ಹೊಡೆಯುತ್ತಾರೆ. ಆಗ ಹಸಿರು ಬೆಳಕು ಪಟಪಟನೆ ಮಿನುಗಿದ್ದು ನನಗೂ ಕಂಡಿತು. ಕೊನೆಗೆ ಕಣ್ಣಿನೊಳಗೆ ಗ್ಯಾಸ್ ತುಂಬಿದರು. ತೆಗೆದ ಲೋಳೆ ಮತ್ತೆ ಹುಟ್ಟುವುದಿಲ್ಲ, ಗ್ಯಾಸು ಕರಗಿದಂತೆ ಅದರ ಜಾಗವನ್ನು ಕಣ್ಣು ತನ್ನೊಳಗೇ ತಯಾರಿಸುವ ನೀರು ತುಂಬುತ್ತದೆ. ಒಂದು ತಾಸಿಗಿಂತ ಹೆಚ್ಚು ಹಿಡಿಯಿತು.

ಎಲ್ಲರಿಗೂ ಇದೇ ವಿಧಾನ ಎಂದಿಲ್ಲ. ಚಿಕ್ಕ ವಯಸ್ಸಿನವರಿಗೆ ಕೆಲವೊಮ್ಮೆ ಕಣ್ಣಿನ ಹೊರಗಡೆಯಿಂದ ಸಿಲಿಕಾನ್ ಪಟ್ಟಿ ಹೊಲಿದು ಗೋಡೆಯನ್ನೇ ಒಳಗೆ ಒತ್ತಿ ಹರಕನ್ನು ಮುಚ್ಚುತ್ತಾರೆ. ಆಮೇಲೆ ನಾನು ಓದಿ ತಿಳಿದದ್ದು: ಪರದೆ ಎದ್ದಾಗ ಹರಕನ್ನೇ ಹುಡುಕಿ ಮುಚ್ಚಬೇಕು ಎಂದು 1920ರ ದಶಕದಲ್ಲಿ ತೋರಿಸಿಕೊಟ್ಟವರು ಸ್ವಿಟ್ಜರ್ಲೆಂಡಿನ ಜೂಲ್ಸ್ ಗೊನಿನ್. ಅದಕ್ಕೂ ಮೊದಲು ಈ ಕಾಯಿಲೆ ಬಂದವರನ್ನು ಹಾಸಿಗೆಯಲ್ಲಿ ಮಲಗಿಸಿಡುತ್ತಿದ್ದರು, ಬಹುತೇಕರ ಕಣ್ಣು ಹೋಗುತ್ತಿತ್ತು. ನನಗೆ ಮಾಡಿದ ವಿಟ್ರೆಕ್ಟಮಿ ಎಂಬ ವಿಧಾನ ಶುರುವಾದದ್ದು 1970ರ ಹೊತ್ತಿಗೆ, ಅಮೆರಿಕದಲ್ಲಿದ್ದ ರಾಬರ್ಟ್ ಮಾಖೆಮರ್ ಅವರ ಕೈಯಲ್ಲಿ. ನಮ್ಮ ಅಜ್ಜಿಯ ಕಾಲಕ್ಕೆ ಈ ಕಾಯಿಲೆ ಬಂದಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ಆ ಇಬ್ಬರಿಗೂ ಕೈ ಮುಗಿಯಬೇಕು ಅನಿಸುತ್ತದೆ.

ಆಪರೇಷನ್ ಡಾಕ್ಟರದ್ದು. ಅದರ ಮುಂದಿನದು ನಮ್ಮದು, ನಮ್ಮ ಮನೆಯವರದು. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಡಾಕ್ಟರು “ಡಬ್ಬ ಮಲಗಬೇಕು” ಎಂದು ಒಂದು ಮಾತಲ್ಲಿ ಹೇಳಿ ಮುಗಿಸುತ್ತಾರೆ. ಹಗಲೂ ರಾತ್ರಿ ಮುಖ ಕೆಳಗೆ, ಊಟಕ್ಕೆ, ಬಚ್ಚಲಿಗೆ, ಹನಿ ಹಾಕಿಸಿಕೊಳ್ಳಲು ಮಾತ್ರ ಎದ್ದು, ನಡೆಯುವಾಗಲೂ ನೆಲ ನೋಡುತ್ತ ನಡೆಯಬೇಕು. ಕಣ್ಣಿನೊಳಗಿನ ಗ್ಯಾಸು ಯಾವಾಗಲೂ ಮೇಲಕ್ಕೇರುತ್ತದೆ. ಮುಖ ಕೆಳಗೆ ಮಾಡಿದರೆ ಕಣ್ಣಿನ ಹಿಂಭಾಗವೇ ಮೇಲಾಗುತ್ತದೆ, ಗ್ಯಾಸು ಅಲ್ಲಿ ಒತ್ತಿ ಪರದೆಯನ್ನು ಹಿಡಿದಿಡುತ್ತದೆ, ಅಷ್ಟರಲ್ಲಿ ಲೇಸರ್ ಹೊಡೆದ ಜಾಗ ಮಾಗುತ್ತದೆ. ಮೊದಲ ದಿನಗಳು ಡಬ್ಬ, ಆಮೇಲೆ ಎಡ ಮಗ್ಗುಲು ಎಂದು ನನಗೆ ಹೇಳಿದ್ದರು. ಆಪರೇಷನ್ನಿಗೆ ಮೊದಲು ಬಲ ಮಗ್ಗುಲು, ಈಗ ಎಡ ಮಗ್ಗುಲು ಯಾಕೆ ಎಂದು ಅಕ್ಕ ಕಂಗಾಲಾದಳು. ಆಗ ನೀರನ್ನು ಕೆಳಗೆ ಇರಿಸಬೇಕಿತ್ತು, ಈಗ ಹರಕು ಮೇಲೆ ಬಂದು ಗ್ಯಾಸು ಅದನ್ನು ಮುಟ್ಟಬೇಕು ಎಂದು ವಿವರಿಸಿದೆ. ಹರಕು ಎಲ್ಲಿದೆ ಎಂಬುದರ ಮೇಲೆ ಮಲಗುವ ರೀತಿ ನಿಂತಿರುತ್ತದೆ. ಆದ್ದರಿಂದ ನನ್ನದನ್ನು ನೋಡಿ ಇನ್ನೊಬ್ಬರು ಮಲಗಬಾರದು.

ಅಕ್ಕ ಹಳೆಯ ಎರಡು ಇಳಕಲ್ ಸೀರೆ ತಿರುಚಿ ದೊಡ್ಡದೊಂದು ಸಿಂಬಿ ಮಾಡಿದಳು. ಕೊಡ ಹೊರಲು ಮಾಡುತ್ತೇವಲ್ಲ, ಅದಕ್ಕಿಂತ ಅಗಲವಾದದ್ದು. ಹಣೆ ಮತ್ತು ಕೆನ್ನೆಯ ಎಲುಬು ಅದರ ಮೇಲೆ ಕೂರುತ್ತಿತ್ತು, ಮೂಗು ಬಾಯಿಗೆ ನಡುವೆ ಜಾಗ, ಕಣ್ಣಿಗೆ ಏನೂ ತಾಗುತ್ತಿರಲಿಲ್ಲ. ಎದೆಯ ಕೆಳಗೆ ಮಡಿಚಿದ ಕೌದಿ. ಹಗಲು ಕುರ್ಚಿಯಲ್ಲಿ ಕೂತು ಟೇಬಲ್ ಮೇಲಿನ ಸಿಂಬಿಗೆ ಹಣೆ ಕೊಡುತ್ತಿದ್ದೆ. ಕುತ್ತಿಗೆ, ಸೊಂಟ, ಎದೆ ಎಲ್ಲ ಹಿಡಿದುಕೊಳ್ಳುತ್ತವೆ. ಕಲಬುರಗಿಯ ಏಪ್ರಿಲ್, ಹೊರಗೆ ನಲವತ್ತು ದಾಟಿದ ಬಿಸಿಲು, ಬೆವರು ಕಣ್ಣಿಗಿಳಿಯದಂತೆ ಹಣೆಗೆ ಬಟ್ಟೆ, ಕರೆಂಟ್ ಹೋದರೆ ಅಕ್ಕನ ಮಗ ಬೀಸಣಿಗೆ ಹಿಡಿದು ಕೂರುತ್ತಿದ್ದ. ತಲೆಸ್ನಾನ ಇಲ್ಲ, ಕುತ್ತಿಗೆಯ ಕೆಳಗೆ ಮಾತ್ರ. ಕೊಡ ಎತ್ತುವಂತಿಲ್ಲ, ಒಲೆಯ ಹೊಗೆಯ ಹತ್ತಿರ ಹೋಗುವಂತಿಲ್ಲ. ಬಂದವರು “ಸ್ವಲ್ಪ ಎದ್ದು ಕೂಡವ್ವಾ, ಎಷ್ಟೊತ್ತು ಹಂಗ ಬೀಳ್ತಿ” ಎನ್ನುತ್ತಾರೆ, ಪ್ರೀತಿಯಿಂದಲೇ. ಅವರಿಗೆ ಕಾರಣ ಹೇಳಿ, ಏಳಬೇಡಿ. ಸಾಧ್ಯವಿದ್ದರೆ ಆಸ್ಪತ್ರೆಗೆ ಹೊರಡುವ ಮೊದಲೇ ಮನೆಯಲ್ಲಿ ಜಾಗ, ದಿಂಬು, ಬಾಗುವ ನಳಿಕೆಯ ಲೋಟ, ಜೊತೆಗಿರುವ ಒಬ್ಬರು, ಇಷ್ಟನ್ನು ನಿಶ್ಚಯಿಸಿಕೊಳ್ಳಿ.

ಮರುದಿನ ಪಟ್ಟಿ ಬಿಚ್ಚಿದಾಗ ಬಲಗಣ್ಣಿಗೆ ಕಂಡದ್ದು ಬೆಳಕು ಮತ್ತು ಡಾಕ್ಟರರ ಕೈ ಆಡಿದ್ದು, ಅಷ್ಟೇ. ಮೊದಲು ಅಷ್ಟಾದರೂ ಕಾಣುತ್ತಿತ್ತು, ಈಗ ಅದೂ ಹೋಯಿತೇ ಎಂದು ಅಳು ಬಂತು. ಗ್ಯಾಸಿನ ಮೂಲಕ ಯಾರಿಗೂ ಏನೂ ಸ್ಪಷ್ಟ ಕಾಣುವುದಿಲ್ಲ, ಇದು ಎಲ್ಲರಿಗೂ ಹೀಗೆಯೇ ಎಂದು ಮೊದಲೇ ಗೊತ್ತಿರಬೇಕು. ಕಣ್ಣು ಕೆಂಪು, ರೆಪ್ಪೆ ಊದಿಕೆ, ಮರಳು ಬಿದ್ದಂತೆ ಚುಚ್ಚುವುದು, ಇದೂ ಸಹಜ. ಸಹಜವಲ್ಲದ್ದು: ತಡೆಯಲಾರದ ನೋವು, ವಾಂತಿ, ಕೀವು, ಮತ್ತೆ ನೆರಳು. ಇವುಗಳಲ್ಲಿ ಯಾವುದಾದರೂ ಕಂಡರೆ ಆ ರಾತ್ರಿಯೇ ಫೋನ್ ಮಾಡಬೇಕು. ನನಗೆ ಕಣ್ಣಿನ ಒತ್ತಡ ಸ್ವಲ್ಪ ಏರಿತ್ತು, ಇನ್ನೊಂದು ಹನಿ ಸೇರಿಸಿದರು, ಇಳಿಯಿತು. ಹಲವು ಬಗೆಯ ಹನಿ, ಒಂದಕ್ಕೂ ಇನ್ನೊಂದಕ್ಕೂ ಐದು ನಿಮಿಷ ಅಂತರ. ಅಕ್ಕನ ಮಗ ಗೋಡೆಗೆ ವೇಳಾಪಟ್ಟಿ ಅಂಟಿಸಿದ್ದ.

ವಾರಗಳು ಕಳೆದಂತೆ ಮೇಲಿನಿಂದ ನೋಟ ತೆರೆಯಿತು. ಕಣ್ಣಿನೊಳಗೆ ಗೌಂಡಿಯ ರಸಮಟ್ಟ ಇಟ್ಟಂತೆ ಒಂದು ಗೆರೆ. ಗೆರೆಯ ಮೇಲೆ ಸ್ವಚ್ಛ, ಕೆಳಗೆ ಮಸುಕು, ತಲೆ ಆಡಿಸಿದರೆ ಅದೂ ಆಡುತ್ತಿತ್ತು. ಗೆರೆ ಇಳಿಯುತ್ತ ಹೋಗಿ, ಕೊನೆಗೆ ಕಪ್ಪಂಚಿನ ಸಣ್ಣ ಗುಳ್ಳೆಯಾಗಿ, ಒಂದು ದಿನ ಅದೂ ಇಲ್ಲವಾಯಿತು. ನನಗೆ ತುಂಬಿದ್ದು ಪರ್‌ಫ್ಲೂರೋಪ್ರೊಪೇನ್, ಅದು ಆರೇಳು ವಾರ ಇರುತ್ತದೆ. ಸಲ್ಫರ್ ಹೆಕ್ಸಾಫ್ಲೋರೈಡ್ ಆದರೆ ಎರಡು ವಾರದ ಆಸುಪಾಸು.

ಗ್ಯಾಸು ಇರುವವರೆಗೆ ವಿಮಾನ ಹತ್ತುವಂತಿಲ್ಲ. ಕಲಬುರಗಿಯಲ್ಲೂ ಈಗ ವಿಮಾನ ನಿಲ್ದಾಣ ಇದೆಯಲ್ಲ, ತಮ್ಮ ಟಿಕೆಟ್ ನೋಡುತ್ತಿದ್ದ. ಮೇಲೆ ಹೋದಾಗ ಸುತ್ತಲಿನ ಒತ್ತಡ ಇಳಿದು ಕಣ್ಣೊಳಗಿನ ಗ್ಯಾಸು ಹಿಗ್ಗುತ್ತದೆ, ಕಣ್ಣಿನ ಒತ್ತಡ ಏರಿ ನೋಟವೇ ಹೋಗಬಹುದು. ಮಹಾಬಳೇಶ್ವರದಂಥ ಎತ್ತರದ ಜಾಗಕ್ಕೂ ಬೇಡ. ಬೇರೆ ಯಾವುದೇ ಆಪರೇಷನ್ ಬಂದರೆ ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಅನಿಲ ಕೊಡಬಾರದೆಂದು ಕೈಗೆ ಪಟ್ಟಿ ಕಟ್ಟಿದ್ದರು, ಅದನ್ನು ಗ್ಯಾಸು ಕರಗುವವರೆಗೆ ತೆಗೆಯಲಿಲ್ಲ.

ವಾರ್ಡಿನಲ್ಲಿ ಚಿತ್ತಾಪುರದ ಕಡೆಯ ರೈತರೊಬ್ಬರಿದ್ದರು. ತೊಗರಿ ರಾಶಿಯ ಹೊತ್ತಿಗೆ ನೆರಳು ಬಂದಿತ್ತು, ಬೇಸಿಗೆಯಲ್ಲಿ ಆಸ್ಪತ್ರೆಗೆ ಬಂದಿದ್ದರು. ಅವರ ಹೆಂಡತಿ ನನ್ನ ಪಕ್ಕ ಕೂತು, “ನೂಸ್ಲಿಲ್ಲವ್ವಾ, ಒಂದಿನಾನೂ ನೂಸ್ಲಿಲ್ಲ. ನೂಸಿದ್ರ ಬರ್ತಿದ್ದೆವಲ್ಲ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ಪರದೆ ಪೂರ್ತಿ ಎದ್ದು ಸುಕ್ಕುಗಟ್ಟಿತ್ತು. ಗ್ಯಾಸು ಸಾಲದೆಂದು ಸಿಲಿಕಾನ್ ಎಣ್ಣೆ ತುಂಬಿದರು. ಅದು ತಾನಾಗಿ ಕರಗುವುದಿಲ್ಲ, ಕೆಲವು ತಿಂಗಳ ನಂತರ ಇನ್ನೊಂದು ಆಪರೇಷನ್ ಮಾಡಿ ತೆಗೆಯಬೇಕು. ಓಡಾಡುವಷ್ಟು ನೋಟ ಬಂದರೆ ಸಾಕು ಎಂದಿದ್ದರು ಡಾಕ್ಟರು. ಆ ತಾಯಿಯ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ನಮ್ಮ ಹಳ್ಳಿಗಳಲ್ಲಿ ನೋವು ಬಂದರೆ ಮಾತ್ರ ರೋಗ. ಬಿಪಿ ನೋಡುವ ಹಾಗೆ ಆಶಾ ಕಾರ್ಯಕರ್ತೆಯರು ಒಂದೊಂದು ಕಣ್ಣು ಮುಚ್ಚಿಸಿ “ಎಲ್ಲ ಕಡೆ ಕಾಣ್ತದೇನ್ರಿ” ಎಂದು ಕೇಳಿದರೂ ಎಷ್ಟೋ ಕಣ್ಣು ಉಳಿದಾವು.

ಹತ್ತರಲ್ಲಿ ಎಂಟೊಂಬತ್ತು ಜನಕ್ಕೆ ಒಂದೇ ಆಪರೇಷನ್ನಿನಲ್ಲಿ ಪರದೆ ಕೂಡುತ್ತದೆ. ಉಳಿದವರಲ್ಲಿ ಗಾಯದ ತೊಗಟೆ ಬೆಳೆದು ಮತ್ತೆ ಜಗ್ಗುತ್ತದೆ, ಹೆಚ್ಚಾಗಿ ಮೊದಲ ಎರಡು ಮೂರು ತಿಂಗಳಲ್ಲಿ. ಹಾಗಾಗಿ ಚೆನ್ನಾಗಿ ಕಾಣುತ್ತಿದೆ ಎಂದು ಮರುತಪಾಸಣೆ ಬಿಡಬಾರದು. ನನ್ನ ಪರದೆ ಕೂಡಿದೆ. ಶಾಲೆ ಶುರುವಾಗಿ ಕೆಲವು ವಾರದ ಮೇಲೆ ಕೆಲಸಕ್ಕೆ ಹೋದೆ, ಹೊಸ ನಂಬರಿನ ಕನ್ನಡಕ ಇನ್ನೂ ತಡವಾಗಿ ಬಂತು. ಬಲಗಣ್ಣಿಗೆ ಮುಸ್ಸಂಜೆಯಲ್ಲಿ ಬಣ್ಣ ತುಸು ಮಂಕು, ಉಳಿದಂತೆ ಓದಲು ಬರೆಯಲು ತೊಂದರೆ ಇಲ್ಲ. ಎಡಗಣ್ಣಿನ ಅಂಚಿನಲ್ಲೂ ತೆಳ್ಳಗಾದ ಜಾಗ ಇತ್ತು, ಅದಕ್ಕೆ ಹೊರರೋಗಿಗಳ ವಿಭಾಗದಲ್ಲೇ ಕೂರಿಸಿ ಲೇಸರ್ ಹಾಕಿದರು. ಗಲ್ಲವನ್ನು ಮಷೀನಿಗೆ ಆನಿಸಿ ಕೂತರೆ ಸಾಕು, ನಡುನಡುವೆ ಚುಚ್ಚಿದಂತಾಗುತ್ತದೆ, ಅದೇ ದಿನ ಮನೆಗೆ.

ವಿಟ್ರೆಕ್ಟಮಿ ಆದ ಕಣ್ಣಿಗೆ ಪೊರೆ ಬೇಗ ಬರುತ್ತದೆ. ನನಗೂ ಶುರುವಾಗಿದೆ, ಬಹುಶಃ ಮುಂದಿನ ವರ್ಷ ಅದರ ಆಪರೇಷನ್. ಮುಂದಿನ ತಪಾಸಣೆ ಡಿಸೆಂಬರಿನಲ್ಲಿ. ಹನಿ ಹಾಕಿದ ದಿನ ಒಬ್ಬಳೇ ಬಸ್ಸಿನಲ್ಲಿ ಬರಲಾಗದು, ಯಜಮಾನರು ಆ ದಿನಕ್ಕೆ ಈಗಲೇ ರಜೆ ಬರೆದುಕೊಟ್ಟಿದ್ದಾರೆ. ಶಾಲೆಯಲ್ಲಿ ದಪ್ಪ ಕನ್ನಡಕದ ಇಬ್ಬರು ಹುಡುಗಿಯರಿದ್ದಾರೆ. ಅವರ ಅವ್ವಂದಿರನ್ನು ಕರೆಸಿ, ಬರೀ ನಂಬರು ನೋಡಿಸಿದರೆ ಸಾಲದು, ಹನಿ ಹಾಕಿ ಪರದೆಯನ್ನೂ ನೋಡಿಸಿರಿ ಎಂದು ಹೇಳಿದ್ದೇನೆ. ಒಬ್ಬಾಕೆ ಅದೇ ಡಿಸೆಂಬರಿನ ದಿನ ಮಗಳನ್ನು ಕರೆದುಕೊಂಡು ನಮ್ಮ ಜೊತೆಗೇ ಬರುತ್ತಿದ್ದಾಳೆ.